ಕಲ್ಲಿನ ಮೇಲಿನ ಹೆಸರು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡೂ ಬೇರೆ ಬೇರೆ ಕೆಲಸಗಳೆಂದು ಹಲವರು ಭಾವಿಸುತ್ತಾರೆ. ಆದರೆ ಓದುವ ಕಣ್ಣಿಲ್ಲದವನು ಎಷ್ಟು ಸುತ್ತಿದರೂ ದಣಿವನ್ನಲ್ಲದೆ ಬೇರೇನನ್ನೂ ಮನೆಗೆ ತರಲಾರನು. ಹಳೆಯ ಪಟ್ಟಣಗಳು, ಪಾಳುಬಿದ್ದ ಕೋಟೆಗಳು, ದೇವಾಲಯಗಳು ಇವೂ ಗ್ರಂಥಗಳೇ. ಅವುಗಳನ್ನು ಓದಿ ಬರುವವನೇ ನಿಜವಾದ ಪ್ರವಾಸಿ.

ಆಫ್ರಿಕಾ ಖಂಡದ ಮೊರಾಕ್ಕೊ ದೇಶದ ಟ್ಯಾಂಜಿಯರ್ ಪಟ್ಟಣದಲ್ಲಿ ಹುಟ್ಟಿದ ಇಬ್ನ್ ಬತೂತ ಅಂತಹ ಪ್ರವಾಸಿ. 1325ರಲ್ಲಿ, ಇಪ್ಪತ್ತೊಂದು ವರ್ಷದ ತರುಣನಾಗಿದ್ದಾಗ ಮನೆ ಬಿಟ್ಟ ಆತ, ಮರುಭೂಮಿಗಳನ್ನೂ ಸಮುದ್ರಗಳನ್ನೂ ದಾಟಿ ನಮ್ಮ ಹೊನ್ನಾವರಕ್ಕೂ ಬಂದನು. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ಕಂಡುದಾಗಿ ಹೇಳಿದ್ದಾನೆ. ಬಂದರನ್ನು ನೋಡಿ ಮುಂದೆ ಸಾಗಬಹುದಾಗಿದ್ದವನು ಶಾಲೆಗಳನ್ನು ಗಮನಿಸಿದನು. ಇಂದಿಗೂ ಅವನ ಹೆಸರು ಉಳಿದಿರುವುದು ಈ ಗಮನದಿಂದಲೇ.

ಅಂತಹ ಕಣ್ಣಿಗೆ ತಕ್ಕ ಸ್ಥಳವೊಂದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಬಳಿ ಇದೆ. ಅದೇ ಅಮೃತಾಪುರ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಇಲ್ಲಿ ಶಿವಾಲಯವನ್ನು ಕಟ್ಟಿಸಿದನು. ತೆರೆದ ಮಂಟಪದ ಸುತ್ತಲಿನ ಗೋಡೆಯಲ್ಲಿ ತೆಂಕಣ ಬದಿಗೆ ರಾಮಾಯಣದ 70 ಫಲಕಗಳಿವೆ. ಬಡಗಣ ಬದಿಗೆ ಕೃಷ್ಣನ ಬಾಳಿನ 25, ಮಹಾಭಾರತದ 45 ಫಲಕಗಳಿವೆ. ಇಲ್ಲಿಯ ಶಾಸನವನ್ನು ರಚಿಸಿದವನು 'ಯಶೋಧರ ಚರಿತೆ'ಯ ಕವಿ ಜನ್ನ. ಪುಸ್ತಕದಲ್ಲಿ ಹೆಸರು ಮಾತ್ರ ಕಂಡ ಕವಿಯ ಮಾತು ಇಲ್ಲಿ ಕಲ್ಲಿನಲ್ಲೇ ಕಣ್ಣೆದುರು ನಿಲ್ಲುತ್ತದೆ.

ಇಲ್ಲಿ ದುಡಿದ ಶಿಲ್ಪಿಗಳಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬ. ಮುಂದೆ ಸೋಮನಾಥಪುರದಲ್ಲಿ ಆತ ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೊರೆದನು. ತನ್ನ ಹೆಸರು ಉಳಿಯಲಿ ಎಂಬ ಆಸೆ ಮನುಷ್ಯಸಹಜವಾದುದು, ಅದು ತಪ್ಪಲ್ಲ. ಆದರೆ ಆತ ಮೊದಲು ಕೆಲಸ ಮಾಡಿದನು, ಆಮೇಲೆ ಹೆಸರು ಬರೆದನು. ಇಂದಿನ ಕೆಲವು ಪ್ರವಾಸಿಗರು ಕೆಲಸವನ್ನೇ ಮಾಡದೆ ಹೆಸರು ಬರೆಯುತ್ತಾರೆ. ನಾಡಿನ ಎಷ್ಟೋ ಗುಡಿಗಳ, ಕೋಟೆಗಳ ಗೋಡೆಗಳ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳನ್ನು ಕಾಣುತ್ತೇವೆ. ಆ ಹೆಸರಿನವರು ಯಾರೆಂದು ಯಾರಿಗೂ ತಿಳಿಯದು. ಅವರು ಮಾಡಿದ ಗಾಯ ಮಾತ್ರ ಎಲ್ಲರಿಗೂ ಕಾಣುತ್ತದೆ.

ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಅದು ಉಳಿಗೆ ಬೇಗ ಒಲಿಯುತ್ತದೆ. ಹಾಗೆಂದೇ ಶಿಲ್ಪಿಗಳು ಅದರಲ್ಲಿ ಆಭರಣದ ಮಣಿಮಣಿಯನ್ನೂ ಬಿಡಿಸಿದರು. ಅದೇ ಮೃದುತ್ವ ಕಿಡಿಗೇಡಿಯ ಮೊಳೆಗೂ ಅನುಕೂಲವಾಗಿದೆ. ಎಂಟುನೂರು ವರ್ಷಗಳ ಮಳೆಬಿಸಿಲನ್ನು ತಾಳಿಕೊಂಡ ಮುಖವನ್ನು ಕೆಡಿಸಲು ಒಂದು ನಿಮಿಷ ಸಾಕು. ಅದನ್ನು ಮತ್ತೆ ಮೊದಲಿನಂತೆ ಮಾಡಲು ಯಾರಿಂದಲೂ ಆಗದು.

ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯಿದೆಯ ರಕ್ಷಣೆಯಿದೆ. 2010ರ ತಿದ್ದುಪಡಿಯಂತೆ, ಅವನ್ನು ಕೆಡಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಇದು ಇರಬೇಕಾದುದೇ. ಆದರೆ ಭಯದ ಕಾವಲು ಕಾವಲುಗಾರನು ಎದುರಿಗಿರುವಷ್ಟು ಹೊತ್ತು ಮಾತ್ರ. ಒಂದು ಫಲಕದ ಮುಂದೆ ನಿಂತು, ಇದು ಯಾವ ಕಥೆ, ಇವನು ಯಾರು, ಇದನ್ನು ಕಡೆದ ಕೈ ಯಾವುದು ಎಂದು ಕೇಳಿಕೊಂಡ ವಿದ್ಯಾರ್ಥಿಯ ಕೈಗೆ ಮೊಳೆ ಹಿಡಿಯುವ ಮನಸ್ಸೇ ಬಾರದು. ತಿಳಿವಳಿಕೆಯೇ ಸ್ಮಾರಕಗಳ ನಿಜವಾದ ಕಾವಲು.

ಆದ್ದರಿಂದ ಶಾಲೆಯ ಪ್ರವಾಸದಲ್ಲಿ ಹತ್ತು ಊರುಗಳನ್ನು ಓಡೋಡಿ ಕಾಣುವುದಕ್ಕಿಂತ ಒಂದೇ ಊರಿನಲ್ಲಿ ಅರ್ಧ ದಿನ ನಿಲ್ಲುವುದು ಲೇಸು. ಹೆಸರು ಬರೆಯಲೇಬೇಕೆನಿಸಿದರೆ ಜೊತೆಯಲ್ಲೊಂದು ದಿನಚರಿಯಿರಲಿ. ಕಂಡುದನ್ನು ಅದರಲ್ಲಿ ಬರೆದು, ಕೆಳಗೆ ಹೆಸರು ಹಾಕೋಣ. ಕಲ್ಲನ್ನು ಮಾತ್ರ ಅದನ್ನು ಕಡೆದವರಿಗೇ ಬಿಡೋಣ.