ಚಹಾ ಕುದಿಸುವ ಮೊದಲು ಒಂದು ಮಾತು ಕೇಳಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಬಂದವರನ್ನು ಹಾಗೆಯೇ ಕಳುಹಿಸುವ ಪದ್ಧತಿಯಿಲ್ಲ. ಹಿಂದೆ ಬೆಲ್ಲ-ನೀರು ಕೊಡುತ್ತಿದ್ದರು, ಈಗ ಚಹಾ. ಬೀಗರು ಬಂದರಂತೂ ಜೊತೆಗೆ ಕರದಂಟು ಇರಲೇಬೇಕು. ಚಹಾಕ್ಕೆ ಎಷ್ಟು ಪುಡಿ, ಎಷ್ಟು ಹಾಲು, ಅಂಟನ್ನು ತುಪ್ಪದಲ್ಲಿ ಅರಳುವಂತೆ ಹೇಗೆ ಕರಿಯಬೇಕು, ಬೆಲ್ಲದ ಪಾಕ ಯಾವಾಗ ಇಳಿಸಬೇಕು ಎಂಬುದನ್ನೆಲ್ಲ ಹಿರಿಯರು ಮಕ್ಕಳಿಗೆ, ಸೊಸೆಯಂದಿರಿಗೆ ಕಲಿಸುತ್ತಾರೆ. ಆದರೆ ಈ ಕಲಿಕೆಯಲ್ಲಿ ಒಂದು ಪಾಠ ಬಿಟ್ಟುಹೋಗಿದೆ ಎಂಬುದು ನನ್ನ ಅಭಿಪ್ರಾಯ. ಅದು ಅತಿಥಿಯನ್ನು ಕೇಳುವ ಪಾಠ.

ಸಕ್ಕರೆ ಕಾಯಿಲೆಯ ರೋಗಿಯೊಬ್ಬರು ಮಗಳ ಲಗ್ನಪತ್ರಿಕೆ ಹಂಚಲು ನಾಲ್ಕು ದಿನ ಊರೂರು ತಿರುಗಿ ನನ್ನಲ್ಲಿಗೆ ಬಂದರು. ವಿಪರೀತ ದಾಹ, ಸುಸ್ತು. ಪರೀಕ್ಷಿಸಿದರೆ ರಕ್ತದ ಸಕ್ಕರೆ 300 ದಾಟಿತ್ತು. ಗುಳಿಗೆ ತಪ್ಪಿಸಿರಲಿಲ್ಲ. ‘ಚಹಾ ಒಲ್ಲೆ ಅಂದ್ರ ಬೀಗರು ಮಾರಿ ಸಣ್ಣದು ಮಾಡ್ತಾರ್ರೀ ಸಾಹೇಬ್ರ, ಏನ್ ಮಾಡ್ಲಿ?’ ಎಂದರು.

ಲೆಕ್ಕ ಹಾಕೋಣ. ಒಂದು ಕಪ್ಪಿಗೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ. ಎಂಟು ಮನೆಗೆ 80 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಸೇವಿಸುವ ವ್ಯಕ್ತಿಗೆ ಹೀಗೆ ಬೆರೆಸಿದ ಸಕ್ಕರೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ.

ಅತಿಥಿಗೆ ಸಿಹಿ ಕೊಡುವುದು ನಮ್ಮಲ್ಲಿ ಮಾತ್ರವಲ್ಲ. ಉತ್ತರ ಆಫ್ರಿಕಾದ ಟ್ಯುನೀಷಿಯಾದಲ್ಲೂ ಪುದೀನ ಹಾಕಿದ ಸಿಹಿ ಚಹಾ, ಖರ್ಜೂರ ತುಂಬಿದ ರವೆಯ ಸಿಹಿತಿಂಡಿ ಕೊಡುತ್ತಾರೆ. ಪದ್ಧತಿ ಒಳ್ಳೆಯದೇ, ತಪ್ಪಿರುವುದು ಒತ್ತಾಯದಲ್ಲಿ.

ಆದ್ದರಿಂದ ಚಹಾವನ್ನು ಸಕ್ಕರೆಯಿಲ್ಲದೆ ಕುದಿಸಿ, ಸಕ್ಕರೆಯನ್ನು ಬೇರೆ ಬಟ್ಟಲಲ್ಲಿಡಿ. ಶುಂಠಿ, ಏಲಕ್ಕಿ ಹಾಕಿದರೆ ರುಚಿ ಕಡಿಮೆಯೆನಿಸದು. ಬೆಲ್ಲದ ಚಹಾ ಸಕ್ಕರೆ ಕಾಯಿಲೆಗೆ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ. ಕರದಂಟಿನಲ್ಲಿ ಗೋಡಂಬಿ, ಬಾದಾಮಿ, ಒಣಕೊಬ್ಬರಿ, ಉತ್ತತ್ತಿ ಇರುವುದು ನಿಜ. ಜೊತೆಗೆ ಬೆಲ್ಲ, ತುಪ್ಪವೂ ಇರುವುದನ್ನು ಮರೆಯಬಾರದು. ಎಲ್ಲರಿಗೂ ಸಣ್ಣ ತುಂಡು ಸಾಕು. ಸಕ್ಕರೆ ಕಾಯಿಲೆಯವರಿಗೆ ಹುರಿದ ಶೇಂಗಾ, ಪುಟಾಣಿ ಒಂದು ಹಿಡಿ ಕೊಡಿ.

ಗರ್ಭಿಣಿಯರಿಗೆ, ರಕ್ತಹೀನತೆ ಇರುವವರಿಗೆ ಊಟವಾದ ಕೂಡಲೇ ಚಹಾ ಕೊಡಬೇಡಿ. ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಚಹಾ ಅಡ್ಡಿಯಾಗುತ್ತದೆ. ಒಂದು ತಾಸು ಬಿಟ್ಟು ಕೊಡಿ. ಕಬ್ಬಿಣದ ಗುಳಿಗೆಯನ್ನಂತೂ ಚಹಾದೊಂದಿಗೆ ನುಂಗಲೇಬಾರದು.

ಇನ್ನೊಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವ ಅತಿಥಿ ಊಟ ತಪ್ಪಿಸಿ ಬಂದಿದ್ದು, ಇದ್ದಕ್ಕಿದ್ದಂತೆ ಬೆವರಿ ನಡುಗತೊಡಗಿದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಆಗ ಮೂರು ಚಮಚ ಸಕ್ಕರೆ ಕಲಸಿದ ನೀರನ್ನು ಕೂಡಲೇ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಅತಿಥಿಗಳೂ ಸಂಕೋಚ ಬಿಡಬೇಕು. ‘ನನಗ ಸಕ್ಕರಿ ಬ್ಯಾಡ್ರಿ’ ಎಂದು ಕೂತಕೂಡಲೇ ಹೇಳಿದರೆ ಮನೆಯವರಿಗೂ ಅನುಕೂಲ. ಇಂದು ಸಂಜೆ ನಿಮ್ಮ ಮನೆಗೆ ಯಾರಾದರೂ ಬಂದರೆ, ಪಾತ್ರೆ ಒಲೆಗಿಡುವ ಮೊದಲು ‘ಸಕ್ಕರಿ ಎಷ್ಟು ಹಾಕ್ಲಿರಿ?’ ಎಂದು ಕೇಳಿ. ಬೇಡವೆಂದರೆ ಎರಡನೆಯ ಸಲ ಒತ್ತಾಯಿಸಬೇಡಿ.