ಆರನೇ ಸಾಲಿನ ವಿದುರ

ನಂಜನಗೂಡಿನ ದೊಡ್ಡಜಾತ್ರೆಗೆ ಯಾರೂ ಕರಪತ್ರ ಹಂಚಿ ಜನರನ್ನು ಕರೆಯಬೇಕಿಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ, ಗೌತಮ ರಥ ಹೊರಡುವ ದಿನ ಯಾವುದೆಂದು ಕಪಿಲೆಯ ಎರಡೂ ದಡದ ಹಳ್ಳಿಗಳಿಗೆ ತಿಳಿದಿರುತ್ತದೆ. ತಿರುಮಕೂಡಲಿನ ಕುಂಭಮೇಳದ ಮಾತು ಬೇರೆ. ಅದು 1989ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ. ಆದರೂ 2019ರ ಮೇಳವಾದ ಮೇಲೆ ಮುಂದಿನದು ನಡೆದದ್ದು 2025ರ ಫೆಬ್ರುವರಿ 10ರಿಂದ 12ರವರೆಗೆ. ನಡುವೆ ಆರು ವರ್ಷ ಬಿಡುವು ಬಿದ್ದಾಗ ಜನರ ನೆನಪನ್ನೇ ನಂಬಿ ಕೂರಲಾಗದು. ತಾರೀಖನ್ನು ಗೋಡೆಗೆ ಹಚ್ಚಲೇಬೇಕು. ಊರಿನ ನಾಟಕಕ್ಕೆ ಆ ನೆನಪಿನ ಬಲವೂ ಇಲ್ಲ. ಒಂದೇ ರಾತ್ರಿಯಲ್ಲಿ ಆಡಿ ಮುಗಿಯುವ ಅದಕ್ಕೆ ಕರಪತ್ರವೇ ಬಾಯಿ.

ನರಸೀಪುರದ ಒಂದು ಟೀ ಅಂಗಡಿಯ ಕಂಬದ ಮೇಲೆ ಅಂಥದೊಂದು ಕರಪತ್ರ ನೋಡಿದೆ. ತೆಳುವಾದ ಗುಲಾಬಿ ಕಾಗದ. ನೆತ್ತಿಯಲ್ಲಿ ಗ್ರಾಮದೇವತೆಯ ಪ್ರಸನ್ನ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಕುರುಕ್ಷೇತ್ರ', ಆಮೇಲೆ ಇರುವೆ ಸಾಲಿನಂತೆ ಹೆಸರುಗಳು. ನಾನು ಓದುತ್ತ ನಿಂತದ್ದನ್ನು ಕಂಡು ಅಂಗಡಿಯವರು ಲೋಟ ತೊಳೆಯುವುದನ್ನು ಬಿಟ್ಟು ಬಂದರು. "ಆರ್ನೇ ಸಾಲು ನೋಡಿ ಸ್ವಾಮಿ, ನಮ್ಮಕ್ಕನ ಮಗಂದು. ವಿದುರನ ಪಾರ್ಟು."

ಪ್ರಚಾರದ ವಿನ್ಯಾಸ ಕಲಿಸುವವರು ಮೊದಲು ಹೇಳುವ ಪಾಠ, ಮಾತು ಕಡಿಮೆ ಮಾಡಿ ಎಂಬುದು. ಆ ಪಾಠದ ಪ್ರಕಾರ ಈ ಗುಲಾಬಿ ಕಾಗದ ಪೂರ್ತಿ ತಪ್ಪು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಸೀಮೆಯ ಪೌರಾಣಿಕ ನಾಟಕದಲ್ಲಿ 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ ಎಂದು ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಪಾರ್ಟು ಹಿಡಿದವರೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕೂತು ಕಂದಪದ್ಯ ಕಲಿಯುತ್ತಾರೆ. ಮೂವತ್ತು ಹೆಸರು ಅಚ್ಚಾದರೆ ಮೂವತ್ತು ಮನೆಯ ಅಕ್ಕ, ಭಾವ, ಸೋದರತ್ತೆ, ಬೀಗರು ಚಾಪೆ ಹಿಡಿದು ಬರುತ್ತಾರೆ. ಹೆಸರು ಕಡಿಮೆ ಮಾಡಿದರೆ ಕಡಿಮೆಯಾಗುವುದು ಜನ. ವೃತ್ತಿ ಕಂಪನಿಗಳಿಗೆ ಈ ನಂಟಿನ ಬಲವಿರಲಿಲ್ಲ. ಪರಊರಿನಲ್ಲಿ ಕ್ಯಾಂಪ್ ಹಾಕುವವರು ಬೆರಗನ್ನೇ ಮಾರಬೇಕು. 1934ರಲ್ಲಿ ಗುಬ್ಬಿ ವೀರಣ್ಣನವರು ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆ ಬರುತ್ತದೆ ಎಂದ ಮೇಲೆ ವಿದುರ ಯಾರೆಂದು ಯಾರು ಕೇಳುತ್ತಾರೆ?

ಹಾಗೆಂದು ಕರಪತ್ರವನ್ನೇ ಹಿಗ್ಗಿಸಿ ಗೋಡೆಗೆ ಅಂಟಿಸಿದರೆ ಆಗದು. ಕೈಗೆ ಬಂದ ಕಾಗದವನ್ನು ಜನ ಜಗಲಿಯ ಮೇಲೆ ಕೂತು ಓದುತ್ತಾರೆ, ಮಡಿಸಿ ಜೇಬಿಗಿಡುತ್ತಾರೆ. ಗೋಡೆಯ ಪೋಸ್ಟರನ್ನು ಓದುವವರು ನಂಜನಗೂಡಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿದ್ದಾರೆ. ಅವರಿಗೆ ಸಿಗುವುದು ಎರಡು ಮೂರು ಉಸಿರಿನಷ್ಟು ಹೊತ್ತು. 1891ರಲ್ಲಿ ಪ್ಯಾರಿಸಿನ ಮುಲಾಂ ರೂಜ್ ನೃತ್ಯಶಾಲೆಗೆ ತುಲೂಸ್ ಲೋತ್ರೆಕ್ ಬರೆದ ಪೋಸ್ಟರಿನಲ್ಲಿ ಅಕ್ಷರ ಎಷ್ಟು ಕಡಿಮೆ! ಶಾಲೆಯ ಹೆಸರು, ಕುಣಿಯುವವಳ ಹೆಸರು, ಪ್ರತಿ ರಾತ್ರಿ ಎಂಬ ಮಾತು. ನೋಡಲು ಬಂದ ಜನರೆಲ್ಲ ಹಿಂದೆ ಬರೀ ಕಪ್ಪು ನೆರಳು. ಎಲ್ಲಿ, ಯಾರು, ಯಾವಾಗ ಎಂಬ ಮೂರೇ ಸಂಗತಿ ಗೋಡೆಗೆ ಸಾಕು.

ಫ್ಲೆಕ್ಸ್ ಬಂದ ಮೇಲೆ ಈ ಎರಡೂ ಬುದ್ಧಿ ಕೆಟ್ಟವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಅದನ್ನೂ ನಿಷೇಧಿಸಿತು. ಆದರೂ ಕಂಬಗಳ ನಡುವೆ ಅದೇ ತೂಗುತ್ತಿದೆ. ಅದರಲ್ಲಿ ಮುಖಂಡರ ಮುಖ ಆಳೆತ್ತರ, ಶುಭ ಕೋರುವವರ ಮುಖ ಸಾಲು ಸಾಲು, ನಾಟಕದ ತಾರೀಖು ಮೂಲೆಯಲ್ಲಿ. ದುರ್ಯೋಧನನ ಪಾರ್ಟಿಗೆ ಹೊಲದ ದುಡ್ಡು ಸುರಿದವನ ಮುಖವೇ ಕಾಣದು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಕ್ಷರಗಳ ಗತಿಯೂ ಅಷ್ಟೇ. ಮೊಳೆ ಜೋಡಿಸುವ ಕಾಲದಲ್ಲಿ ದೊಡ್ಡ ಮರದ ಅಕ್ಷರಗಳು ಪ್ರೆಸ್ಸಿನಲ್ಲಿ ಕೆಲವೇ ಇರುತ್ತಿದ್ದವು. ಆದ್ದರಿಂದ ಯಾವುದು ದೊಡ್ಡದಾಗಬೇಕು ಎಂದು ಯೋಚಿಸಲೇಬೇಕಿತ್ತು. ಕಂಪ್ಯೂಟರಿನಲ್ಲಿ ಎಲ್ಲವೂ ದೊಡ್ಡದಾಗುತ್ತದೆ, ಜಾಗ ಸಾಲದಾಗ ಅಕ್ಷರವನ್ನೇ ಅಡ್ಡಕ್ಕೆ ಹಿಂಡುತ್ತಾರೆ. ಕನ್ನಡಕ್ಕೆ ಕೆಳಗಡೆ ಜಾಗ ಬೇಕು. 'ಕುರುಕ್ಷೇತ್ರ'ದ ಎರಡು ಒತ್ತುಗಳು ಇಳಿಬಿದ್ದಿರುತ್ತವೆ. ಮುಂದಿನ ಸಾಲನ್ನು ಒತ್ತಿ ಕೂರಿಸಿದರೆ ಎರಡೂ ಕಲಸಿಹೋಗುತ್ತವೆ. ದ ಮತ್ತು ಧ ಬೇರೆಯಾಗುವುದು ಅಡಿಯ ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. ಅಕ್ಷರಕ್ಕೆ ದಪ್ಪ ಅಂಚು ಕಟ್ಟಿ, ನೆರಳು ಬಿಟ್ಟು, ಬಣ್ಣ ಹರಿಸಿದರೆ ಮೊದಲು ಮುಚ್ಚಿಹೋಗುವುದೇ ಆ ಸೀಳು, ಆ ಗೀಟು. ಹಳದಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕೆಂಪು, ಇವಿಷ್ಟೇ ಇಟ್ಟುಕೊಂಡರೂ ರಸ್ತೆಯಾಚೆಯಿಂದ ಓದಬಹುದು.

ಇನ್ನೊಂದು ಮಾತು ಗಂಟೆಯ ಬಗ್ಗೆ. ರಾತ್ರಿ 9ಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿಯುವ ಆಟಕ್ಕೆ ತಾರೀಖೊಂದೇ ಸಾಲದು, ವಾರವನ್ನೂ ಬರೆಯಬೇಕು. ಪಕ್ಕದೂರಿನವರು ಬೆಳಗಿನ ಮೊದಲ ಬಸ್ಸಿನವರೆಗೂ ಕೂರಬೇಕಾದವರು. ಆ ಬಸ್ಸು ಎಷ್ಟು ಹೊತ್ತಿಗೆ ಎಂಬ ಒಂದು ಸಾಲು ಇದ್ದರೆ ಎಷ್ಟೋ ಹೆಂಗಸರು ಧೈರ್ಯವಾಗಿ ಹೊರಡುತ್ತಾರೆ.

ಅಚ್ಚಿಗೆ ಹೋಗುವ ಮುನ್ನ ಕರಡನ್ನು ನಾಟಕದ ಮನೆಗೆ ಒಯ್ದು, ಒಬ್ಬೊಬ್ಬರಿಂದಲೂ ಅವರವರ ಹೆಸರನ್ನು ಗಟ್ಟಿಯಾಗಿ ಓದಿಸಬೇಕು. ಆ ಗುಲಾಬಿ ಕಾಗದಕ್ಕೆ ಯಾರೂ ಅದನ್ನು ಮಾಡಿರಲಿಲ್ಲ. ಆರನೇ ಸಾಲಿನಲ್ಲಿ 'ವಿದುರ' ಹೋಗಿ 'ವಿಧುರ' ಆಗಿತ್ತು. ಅಂಗಡಿಯವರೇ ಬಾಲ್‌ಪೆನ್ನಿನಿಂದ ಆ ಸೀಳನ್ನು ತುಂಬಿ ಮುಚ್ಚಿದ್ದರು.

"ಇನ್ನೂ ಮದುವೆ ಆಗ್ಬೇಕಾದ ಹುಡುಗ ಸ್ವಾಮಿ," ಎಂದು, ಕೌಂಟರಿನ ಕೆಳಗಿದ್ದ ಕಟ್ಟು ತೆಗೆದು ತೋರಿಸಿದರು. ಅದರ ಅಷ್ಟೂ ಕಾಗದಗಳಲ್ಲಿ ಆ ಸೀಳು ತುಂಬಿತ್ತು.