ಅಂಕಿಯೂ ಒಂದು ಮಾತೇ

ಕನ್ನಡ ವ್ಯಾಕರಣವನ್ನು ಬೋಧಿಸುವವನಿಗೆ ವಿಶೇಷಣವೆಂಬುದು ಹಳೆಯ ಪರಿಚಯ. ವಿಶೇಷ್ಯದ ಗುಣವನ್ನೋ ಸಂಖ್ಯೆಯನ್ನೋ ಪರಿಮಾಣವನ್ನೋ ತಿಳಿಸುವ ಪದ ಅದು. ‘ಕೆಂಪು ಹೂವು’ ಎಂಬಲ್ಲಿ ಗುಣ, ‘ಹತ್ತು ಹಣ್ಣು’ ಎಂಬಲ್ಲಿ ಸಂಖ್ಯೆ, ‘ಇಷ್ಟು ನೀರು’ ಎಂಬಲ್ಲಿ ಪರಿಮಾಣ. ಗುಣವನ್ನು ಹೇಳುವ ಮಾತಿಗೆ ಸ್ವಲ್ಪ ಸ್ವಾತಂತ್ರ್ಯವುಂಟು. ಒಬ್ಬನಿಗೆ ಸುಂದರವಾದದ್ದು ಇನ್ನೊಬ್ಬನಿಗೆ ಸಾಧಾರಣವಾಗಬಹುದು. ಸಂಖ್ಯೆಗೆ ಆ ಸ್ವಾತಂತ್ರ್ಯವಿಲ್ಲ. ಹತ್ತು ಎಂದರೆ ಎಲ್ಲರಿಗೂ ಹತ್ತೇ. ಈಗ ಆನ್‌ಲೈನ್ ಅಂಗಡಿಗಳಲ್ಲಿಯೂ ಸರಕಿನ ವಿವರಪಟ್ಟಿಗೆ ‘ವಿಶೇಷಣಗಳು’ ಎಂಬ ತಲೆಬರಹ ಕಾಣುತ್ತದೆ. ಆ ಪಟ್ಟಿಯಲ್ಲಿ ಸಂಖ್ಯಾವಾಚಕವು ಸದ್ದಿಲ್ಲದೆ ಗುಣವಾಚಕವಾಗಿ ಮಾರ್ಪಟ್ಟಿರುವುದನ್ನು ನಾನು ಗೋವಿನಕೋವಿಯ ಒಂದು ಹೊಲದ ಬದುವಿನ ಮೇಲೆ ನಿಂತು ತಿಳಿದುಕೊಳ್ಳಬೇಕಾಯಿತು.

ಗೋವಿನಕೋವಿ ನ್ಯಾಮತಿ ತಾಲ್ಲೂಕಿನ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮುನ್ನ ಹೊನ್ನಾಳಿಯ ಸೀಮೆಯೆಲ್ಲ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಜಿಲ್ಲೆ ಬದಲಾದರೂ ಬೇಸಾಯ ಬದಲಾಗಲಿಲ್ಲ. ಭತ್ತ, ಮೆಕ್ಕೆಜೋಳ, ಅಡಕೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ತು ಬರುವುದು ಅನೇಕ ವೇಳೆ ರಾತ್ರಿಯ ಪಾಳಿಯಲ್ಲಿ. ಆಗ ರೈತನು ನಿದ್ದೆಗೆಟ್ಟು, ಹಣೆಗೆ ದೀಪ ಕಟ್ಟಿಕೊಂಡು, ಹಾವು ಹುಳುಗಳ ನಡುವೆ ನೀರು ಕಟ್ಟಲು ಹೋಗಬೇಕು. ಕೈದೀಪವನ್ನು ನಮ್ಮ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದೇ ಕರೆಯುತ್ತಾರೆ. ಒಳಗಿರುವುದರ ಹೆಸರನ್ನು ಹೊರಗಿರುವುದಕ್ಕೆ ಕೊಟ್ಟ ಈ ಲಕ್ಷಣಾರ್ಥದಲ್ಲಿ ಒಂದು ವಿವೇಕವಿದೆ: ಒಳಗಿನದು ಸರಿಯಿಲ್ಲದಿದ್ದರೆ ಹೊರಗಿನದು ಬರಿಯ ಡಬ್ಬಿ.

ನನ್ನ ದೊಡ್ಡಪ್ಪನ ಮಗ, ನಾನು ಅಣ್ಣನೆಂದು ಕರೆಯುವವರು, ತಮ್ಮ ಹಣೆದೀಪಕ್ಕೆ ಚಾರ್ಜ್ ಮಾಡುವ ಎರಡು ಸೆಲ್ಲು ತರಿಸಿಕೊಡೆಂದು ಕೇಳಿದರು. ಮೊಬೈಲಿನಲ್ಲಿ ಹುಡುಕಿದೆ. ಜೋಡಿಗೆ 298 ರೂಪಾಯಿ. ಒಂದೊಂದರ ಸಾಮರ್ಥ್ಯ 9900 ಮಿಲಿಆಂಪಿಯರ್-ಗಂಟೆ ಎಂದು ಬರೆದಿತ್ತು. ನಾಲ್ಕೂವರೆ ನಕ್ಷತ್ರಗಳ ಮೆಚ್ಚುಗೆಯೂ ಇತ್ತು. ತರಿಸಿ ಕಳುಹಿಸಿದೆ. ಎರಡು ವಾರದ ಮೇಲೆ ಊರಿಗೆ ಹೋದಾಗ ಅಣ್ಣ ನನ್ನನ್ನು ಹೊಲಕ್ಕೆ ಕರೆದೊಯ್ದು, ದೀಪ ಆರಿ ಅರ್ಧ ರಾತ್ರಿ ತಾವು ಕುಳಿತು ಕಳೆದ ಬದುವನ್ನು ತೋರಿಸಿ, “ತಮ್ಮಾ, ಇಡೀ ರಾತ್ರಿ ಉರಿಯುತ್ತೆ ಅಂದಿದ್ದೆಯಲ್ಲ, ಒಂದು ಮಡಿಗೆ ನೀರು ತಿರುಗಿಸೋದರೊಳಗೆ ಕಣ್ಣು ಮುಚ್ಚಿತು” ಎಂದರು. ಅವರು ಕೋಪದಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು, ಏಕೆಂದರೆ ಅಂಗಡಿಯ ಮಾತನ್ನು ಅವರಿಗೆ ನನ್ನ ಬಾಯಿಂದ ಹೇಳಿದವನು ನಾನು.

ಆ ಸೆಲ್ಲುಗಳನ್ನು ತಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರ ಮುಂದಿಟ್ಟೆ. ಅವರು ಮೊದಲು ಮಾಡಿದ ಕೆಲಸ ತಕ್ಕಡಿಯಲ್ಲಿ ತೂಗಿದ್ದು. ಈ ಜಾತಿಯ ಸೆಲ್ಲಿಗೆ 18650 ಎಂದು ಹೆಸರು: 18 ಮಿಲಿಮೀಟರು ವ್ಯಾಸ, 65 ಮಿಲಿಮೀಟರು ಉದ್ದ, ಕೊನೆಯ ಸೊನ್ನೆ ಅದು ಉರುಳೆಯಾಕಾರದ್ದೆಂಬುದರ ಗುರುತು. ಒಳ್ಳೆಯ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. ನಮ್ಮದು 31 ಗ್ರಾಂ ತೂಗಿತು. ಬಳಿಕ ಪೂರ್ತಿ ಚಾರ್ಜ್ ಮಾಡಿ, 500 ಮಿಲಿಆಂಪಿಯರ್ ವಿದ್ಯುತ್ತು ಒಂದೇ ಸಮನೆ ಹರಿಯುವಂತೆ ಏರ್ಪಡಿಸಿ, ಗಡಿಯಾರ ನೋಡುತ್ತ ಕುಳಿತೆವು. 2 ಗಂಟೆ 12 ನಿಮಿಷಕ್ಕೆ ಸೆಲ್ಲು ಬರಿದಾಯಿತು. ಗುಣಿಸಿದರೆ 1100. ಹೇಳಿದ್ದರ ಒಂಬತ್ತನೆಯ ಒಂದು ಪಾಲು.

ಈ ಲೆಕ್ಕವನ್ನು ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗೆ ನಮ್ಮ ಸೀಮೆಯ ಮಾತಿನಲ್ಲಿಯೇ ಹೇಳಬಹುದು. ಆಂಪಿಯರ್ ಎಂಬುದು ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣ. ಆಂಪಿಯರ್-ಗಂಟೆ ಎಂಬುದು ಕೆರೆಯಲ್ಲಿ ಹಿಡಿಯುವ ನೀರು. ವೋಲ್ಟು ಎಂಬುದು ಕೆರೆಯ ಎತ್ತರ. ಎತ್ತರವನ್ನೂ ಹಿಡಿತವನ್ನೂ ಗುಣಿಸಿದರೆ ಬರುವ ವಾಟ್-ಗಂಟೆಯೇ ನಿಜವಾದ ಕಸುವು. ಕೆರೆಯ ವಿಸ್ತೀರ್ಣ ಇಷ್ಟೆಂದು ಗೊತ್ತಾದ ಮೇಲೆ ಅದರಲ್ಲಿ ಎಷ್ಟು ನೀರು ನಿಂತೀತೆಂಬುದಕ್ಕೆ ಮೇರೆಯುಂಟು. ಲಿಥಿಯಂ ಅಯಾನ್ ಸೆಲ್ಲನ್ನು 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮೊದಲು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂದಿತು. ಮೂರು ದಶಕಗಳಿಗೂ ಮಿಕ್ಕ ಪ್ರಯತ್ನದ ಫಲವಾಗಿ 18650ರ ಅಳತೆಯ ಉತ್ತಮ ಸೆಲ್ಲು ಸುಮಾರು 3500ರ ಮಟ್ಟವನ್ನು ಮುಟ್ಟಿದೆ. ಅದೇ ಡಬ್ಬಿಯಲ್ಲಿ 9900 ತುಂಬಿದ್ದರೆ, ಅದೇ ಕುಲದ ಸೆಲ್ಲುಗಳಿಂದ ಓಡುವ ವಿದ್ಯುತ್ ಸ್ಕೂಟರುಗಳು ಒಂದು ಚಾರ್ಜಿಗೆ ಈಗಿನ ಮೂರು ಪಾಲು ದೂರ ಓಡಬೇಕಾಗಿತ್ತು. ಊರ ಮುಂದಿನ ಗೋಕಟ್ಟೆಗೆ ಚನ್ನಗಿರಿಯ ಶಾಂತಿಸಾಗರವೆಂದು ಫಲಕ ಹಾಕಿ ಮಾರಿದಂತಾಯಿತು.

ನಮ್ಮ ಪರೀಕ್ಷೆಯೇ ಕಠಿಣವಾಗಿತ್ತೆಂದು ವ್ಯಾಪಾರಿ ಹೇಳುವಂತೆಯೂ ಇಲ್ಲ. ಸೆಲ್ಲಿನ ಸಾಮರ್ಥ್ಯವನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕವಿದೆ: ಸುಮಾರು ಐದು ಗಂಟೆಗಳಲ್ಲಿ ಬರಿದಾಗುವ ವೇಗದಲ್ಲಿ ವಿದ್ಯುತ್ತನ್ನು ಹರಿಸಿ ನೋಡಬೇಕು. 9900ರ ಸೆಲ್ಲಿಗೆ ಆ ವೇಗ 1980 ಮಿಲಿಆಂಪಿಯರ್ ಆಗುತ್ತದೆ. ನಾವು ಹರಿಸಿದ್ದು ಅದರ ಕಾಲು ಭಾಗ ಮಾತ್ರ.

ಇದು ಹಸಿಯ ಸುಳ್ಳು. ಇದರ ಪಕ್ಕದಲ್ಲಿ ಅರೆಸತ್ಯಗಳೂ ಇವೆ. ಮೊಬೈಲಿಗೆ ಶಕ್ತಿಯೂಡುವ ಪವರ್ ಬ್ಯಾಂಕಿನ ಮೇಲೆ 10,000 ಎಂದು ಬರೆದಿರುತ್ತದೆ. ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಹೊರಗೆ ಬರುವುದು 5 ವೋಲ್ಟಿನಲ್ಲಿ. ಆ ಲೆಕ್ಕಕ್ಕೆ ಅದು 7400 ಆಗುತ್ತದೆ. ಪರಿವರ್ತನೆಯ ನಷ್ಟವನ್ನು ಕಳೆದರೆ ಇನ್ನೂ ಕಡಿಮೆ. ಬರೆದದ್ದು ಸುಳ್ಳಲ್ಲ, ಕೊಳ್ಳುವವನಿಗೆ ತಿಳಿಯುವುದು ಸತ್ಯವಲ್ಲ. ಇನ್ನು ಔಷಧ ಹೊಡೆಯುವ ಬ್ಯಾಟರಿ ಪಂಪುಗಳ ಮಾತು. 2018ರಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಸುಳಿಯೊಳಗೆ ಅಡಗುವ ಆ ಹುಳುವಿಗೆ ಸುಳಿಗೇ ಔಷಧ ಬೀಳಬೇಕು. ಬೆನ್ನಿನ ಮೇಲಿನ ಪಂಪು ಅರ್ಧ ಹೊಲಕ್ಕೆ ನಿಂತರೆ ಉಳಿದರ್ಧ ಹುಳುವಿನ ಪಾಲು. ಇಂಥ ಪಂಪಿನ ವಿವರದಲ್ಲಿ ‘12 ವೋಲ್ಟು, 8 ಆಂಪಿಯರ್’ ಎಂದಷ್ಟೇ ಬರೆದು ‘ಗಂಟೆ’ ಎಂಬ ಮಾತನ್ನು ಬಿಡುವುದುಂಟು. ಗಂಟೆಯನ್ನು ಬಿಟ್ಟರೆ ಉಳಿಯುವುದು ಕಾಲುವೆಯ ಮಾತು, ಕೆರೆಯ ಮಾತಲ್ಲ.

“ಅಗ್ಗದ ಬೆಲೆಗೆ ಕೊಂಡು ಹೆಚ್ಚಿನದನ್ನು ಬಯಸುವುದೇಕೆ?” ಎಂದು ಕೇಳುವವರುಂಟು. ಬೆಲೆ ಅಗ್ಗವಾಗಿರುವುದು ದೋಷವಲ್ಲ. 1100 ಎಂದು ಬರೆದು ಅದಕ್ಕೆ ತಕ್ಕ ಬೆಲೆ ಹಾಕಿದ್ದರೆ ಅದು ನ್ಯಾಯವಾದ ವ್ಯಾಪಾರವೇ, ಬೇಕಾದವರು ಕೊಳ್ಳುತ್ತಿದ್ದರು. ಸುಳ್ಳು ಅಂಕಿಯಿಂದ ಕೊಂಡವನಿಗೆ ಆಗುವ ನಷ್ಟಕ್ಕಿಂತ ಸತ್ಯವನ್ನು ಬರೆಯುವ ವ್ಯಾಪಾರಿಗೆ ಆಗುವ ನಷ್ಟ ದೊಡ್ಡದು. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವರೂ ಅಣ್ಣನೇ. ಆಮೇಲೆ ನಾನು ಹೆಚ್ಚು ಬೆಲೆ ಕೊಟ್ಟು, ತೂಕ ನೋಡಿ, 3000 ಎಂದು ಬರೆದಿದ್ದ ಒಳ್ಳೆಯ ಸೆಲ್ಲುಗಳನ್ನು ಒಯ್ದು ಕೊಟ್ಟೆ. ಅವರು ತಿರುಗಿಸಿ ನೋಡಿ, “ಅದರ ಮೇಲೆ ಹತ್ತು ಸಾವಿರದ ಹತ್ತಿರ ಇತ್ತು, ಇದರ ಮೇಲೆ ಮೂರೇ ಸಾವಿರ ಇದೆಯಲ್ಲಪ್ಪ; ಇದು ಅದಕ್ಕಿಂತ ಕಡಿಮೆಯದೇನು?” ಎಂದರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಭೇದ ಕಾಣದ ಪೇಟೆಯಲ್ಲಿ ಒಳ್ಳೆಯದು ಕ್ರಮೇಣ ಹೊರಟುಹೋಗುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಉದಾಹರಿಸಿ ಪ್ರತಿಪಾದಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಅಣ್ಣನ ಒಂದು ಪ್ರಶ್ನೆಯಲ್ಲಿ ಆ ಸಿದ್ಧಾಂತವೆಲ್ಲ ಅಡಗಿತ್ತು.

ನಕ್ಷತ್ರಗಳ ಮೆಚ್ಚುಗೆ ಇಲ್ಲಿ ಏಕೆ ಕೆಲಸಕ್ಕೆ ಬರುವುದಿಲ್ಲವೆಂಬುದೂ ವಿಚಾರಾರ್ಹ. ಅಂಗಿಯ ಬಣ್ಣ ಬಿಚ್ಚಿದೊಡನೆ ತಿಳಿಯುತ್ತದೆ. ಸೆಲ್ಲಿನ ಹಿಡಿತ ತಿಳಿಯುವುದು ಬಳಸಿದ ಮೇಲೆ, ಅಳೆದ ಮೇಲೆ. ಮೆಚ್ಚುಗೆ ಬರೆಯುವವರು ಸರಕು ಬಂದ ದಿನವೇ, ದೀಪ ಹೊತ್ತಿದ ಸಂತೋಷದಲ್ಲಿ ಬರೆದಿರುತ್ತಾರೆ. ಹಿಂತಿರುಗಿಸಲು ಕೊಟ್ಟ ಅವಧಿಯಾದರೋ ಏಳು ದಿನ. ದೋಷವು ತಿಳಿಯುವ ಕಾಲ ಒಂದು, ದೂರಿಗೆ ಅವಕಾಶವಿರುವ ಕಾಲ ಇನ್ನೊಂದು.

ನಾನು ದೂರು ಬರೆದಾಗ ಅವಧಿ ಮುಗಿದಿತ್ತು. ಮೊದಲ ಉತ್ತರ ಯಂತ್ರದ್ದು. ಎರಡನೆಯದು ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ವಿನಯದ್ದು. ಅಂಗಡಿಯ ವೇದಿಕೆಯವರು ಮಾರಾಟಗಾರನನ್ನು ಕೇಳಿರೆಂದರು. ಮಾರಾಟಗಾರನು ತಯಾರಕನನ್ನು ಕೇಳಿರೆಂದನು. ತಯಾರಕನ ವಿಳಾಸ ಡಬ್ಬಿಯ ಮೇಲಿರಲಿಲ್ಲ. ಎಲ್ಲವೂ ಅಡ್ಡಗೋಡೆಯ ಮೇಲಿಟ್ಟ ದೀಪ. ಕಡೆಗೊಬ್ಬರು ದೋಷವನ್ನು ತೋರಿಸುವ ಚಲಚ್ಚಿತ್ರವನ್ನು ಕಳುಹಿಸಬೇಕೆಂದು ಕೇಳಿದರು. ದೀಪವಿಲ್ಲದ ಹೊಲದ ಕತ್ತಲೆಯನ್ನು ಚಿತ್ರೀಕರಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ತಪ್ಪುದಾರಿಗೆಳೆಯುವ ಜಾಹೀರಾತನ್ನು ಶಿಕ್ಷಾರ್ಹವಾಗಿಸಿದೆ. ಕೇಂದ್ರ ಪ್ರಾಧಿಕಾರವು ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು; ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಕೊಂಡವನು ತಾನಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. 1915 ಎಂಬ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಈ ನಿಯಮಗಳನ್ನು ಉದ್ಧರಿಸಿ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರೆದ ಮೇಲೆ ಹದಿನಾರನೆಯ ದಿನ ನನ್ನ 298 ರೂಪಾಯಿ ಹಿಂದಕ್ಕೆ ಬಂದಿತು. ಸಂತೋಷದಿಂದ ಆ ಪುಟವನ್ನು ಮತ್ತೆ ತೆರೆದು ನೋಡಿದೆ. 9900 ಎಂಬ ಅಂಕಿ ಹಾಗೆಯೇ ಇತ್ತು. ದೂರಿದವನ ಬಾಯಿಯನ್ನು ಹಣದಿಂದ ಮುಚ್ಚಿದ್ದಾಯಿತು. ಸುಳ್ಳಿನ ಬಾಯಿ ತೆರೆದೇ ಇದೆ.

ಕೊರತೆ ಎಲ್ಲಿದೆ? ನಮ್ಮ ಪೂರ್ವಿಕರು ಭೂಮಿಯನ್ನಳೆಯುವ ಕೋಲಿನ ಉದ್ದವನ್ನು ದೇವಾಲಯದ ಕಲ್ಲಿನಲ್ಲಿ ಕೆತ್ತಿಸಿಡುತ್ತಿದ್ದರು. ಸಂಶಯ ಬಂದವನು ತನ್ನ ಕೋಲನ್ನು ತಂದು ಕಲ್ಲಿಗೆ ಹಿಡಿದು ನೋಡಬಹುದಾಗಿತ್ತು. ಸ್ವತಂತ್ರ ಭಾರತವು 1956ರ ಅಧಿನಿಯಮದಿಂದ ಸೇರು, ಕೊಳಗಗಳ ಗೊಂದಲವನ್ನು ನೀಗಿ ಮೆಟ್ರಿಕ್ ಪದ್ಧತಿಯನ್ನು ತಂದಿತು. ಇಂದಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುತ್ತಾರೆ. ಆದರೆ ಸೆಲ್ಲಿನ ಪೊಟ್ಟಣದ ಮೇಲೆ ನಿವ್ವಳ ಪರಿಮಾಣವೆಂದು ಬರೆಯುವುದು ‘ಎರಡು’ ಎಂಬ ಎಣಿಕೆ ಮಾತ್ರ. ಎರಡು ಸೆಲ್ಲು ಇವೆಯೇ ಎಂದು ನೋಡಲು ಕಾನೂನು ಇದೆ. ಒಳಗೆ ಎಷ್ಟಿದೆ ಎಂದು ಅದೇ ಕಟ್ಟುನಿಟ್ಟಿನಿಂದ ನೋಡುವವರಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಎಂಬ ಕಡ್ಡಾಯ ಮಾನಕವಿದೆ. ಅದು ಮುಖ್ಯವಾಗಿ ಸುರಕ್ಷತೆಯದು, ಸೆಲ್ಲು ಉರಿದು ಸಿಡಿಯಬಾರದೆಂಬುದಕ್ಕಾಗಿ. ಆ ಗುರುತು ಇಲ್ಲದ ಸೆಲ್ಲನ್ನು ಕೊಳ್ಳಬಾರದು. ಗುರುತು ಇದ್ದ ಮಾತ್ರಕ್ಕೆ ಅಂಕಿಯನ್ನು ನಂಬಲೂಬಾರದು.

ಆಗಬೇಕಾದದ್ದು ಅಸಾಧ್ಯವಾದುದೇನೂ ಅಲ್ಲ. ವಾಟ್-ಗಂಟೆಯನ್ನೂ ಅದನ್ನು ಅಳೆದ ಕ್ರಮವನ್ನೂ ನಿವ್ವಳ ತೂಕದಷ್ಟೇ ಕಡ್ಡಾಯವಾಗಿ, ಕೊಳ್ಳುವವನ ಭಾಷೆಯಲ್ಲಿ ಬರೆಯಿಸಬೇಕು. ನನ್ನ ಅಭಿರುಚಿಯನ್ನು ಊಹಿಸಿ ಸರಕು ತೋರಿಸುವ ಕಂಪ್ಯೂಟರುಗಳಿಗೆ 18650ರ ಸೆಲ್ಲಿಗೆ 4000ಕ್ಕೆ ಮೀರಿದ ಅಂಕಿಯನ್ನು ತಿರಸ್ಕರಿಸೆಂದು ಕಲಿಸುವುದು ಒಂದು ದಿನದ ಕೆಲಸ. ಒಬ್ಬನಿಗೆ ಹಣ ಹಿಂತಿರುಗಿಸಿದಾಗ ಪುಟದ ಅಂಕಿಯನ್ನೂ ತಿದ್ದಬೇಕೆಂಬ ನಿಯಮ ಬರಬೇಕು. ನಮ್ಮ ಕೈಯಲ್ಲಿರುವುದೂ ಒಂದಿದೆ. ಭೌತಶಾಸ್ತ್ರದ ಪ್ರಯೋಗಶಾಲೆಯಿರುವ ಪ್ರತಿ ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳು ತಮ್ಮೂರಿಗೆ ಬಂದ ಸೆಲ್ಲುಗಳನ್ನು ತೂಗಿ, ಅಳೆದು, ಫಲಿತಾಂಶವನ್ನು ತಿಳಿಗನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಹಿಂದೆ ಕಲ್ಲಿನಲ್ಲಿ ಕೆತ್ತಿದ ಕೋಲು ಮಾಡುತ್ತಿದ್ದ ಕೆಲಸವನ್ನು ಆ ಗೋಡೆ ಮಾಡೀತು.

ಅತಿಶಯೋಕ್ತಿಯನ್ನು ನಾನು ತರಗತಿಯಲ್ಲಿ ಅಲಂಕಾರವೆಂದು ಪಾಠ ಹೇಳುತ್ತೇನೆ. ಕವಿ ಅದನ್ನು ಬಳಸಿದಾಗ ಓದುವವನಿಗೆ ಅದು ಅತಿಶಯವೆಂಬುದು ಗೊತ್ತಿರುತ್ತದೆ. ಆ ಅರಿವಿನಿಂದಲೇ ಸಂತೋಷ ಹುಟ್ಟುತ್ತದೆ. ಓದುವವನು ಅದನ್ನು ನಿಜವೆಂದು ನಂಬಿ, ಆ ನಂಬಿಕೆಯ ಮೇಲೆ ಕತ್ತಲೆಯಲ್ಲಿ ಕಾಲಿಟ್ಟರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಅಂಕಿಯೂ ಒಂದು ಮಾತೇ. ಮಾತಿಗೆ ತಪ್ಪಬಾರದೆಂದು ಹಿರಿಯರು ನಮಗೆ ಕಲಿಸಿದ್ದು ಅಂಕಿಗೂ ಸಲ್ಲಬೇಕು.